ಬ್ಯಾಚ್‌ನವರು ಮನೆಗೆ ಊಟಕ್ಕೆ ಬರ್ತೀವಿ ಅಂತಿದ್ದಾರೆ, ಏನು ಮಾಡಲಿ?

ಲಾಳಿ_ವಡಗಾವಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಾನು ಬೆಳಗಾವಿಯ ವಡಗಾವಿಯವನು. ಒಂದು ಐಐಟಿಯಲ್ಲಿ ಎರಡನೇ ವರ್ಷ. ಯಾವುದು ಅಂತ ಕೇಳಬೇಡಿ. ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ ಇವೆ. ಬೀಮು (ಹಾಸುನೂಲು ಸುತ್ತಿದ ಉರುಳೆ), ನೂಲು ಎಲ್ಲ ಸಾವುಕಾರರದು. ನಮಗೆ ಸೀರೆಗೆ ಇಷ್ಟು ಅಂತ ಮಜೂರಿ. ಅಪ್ಪ ಮಗ್ಗ ನೋಡ್ತಾನೆ, ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಮುಂದಿನ ಕೋಣೆ ಪೂರ್ತಿ ಮಗ್ಗಕ್ಕೆ, ಉಳಿದ ಜಾಗ ನಮಗೆ.

ಹಾಸ್ಟೆಲ್‌ನಲ್ಲಿ ಮೊದಲ ವಾರ ಎಲ್ಲರೂ ತಮ್ಮ ಅಪ್ಪ ಏನು ಮಾಡ್ತಾರೆ ಅಂತ ಹೇಳ್ತಿದ್ದರು. ಒಬ್ಬನ ಅಪ್ಪ ಹಾರ್ಟ್ ಡಾಕ್ಟರ್, ಇನ್ನೊಬ್ಬನ ತಾಯಿ ಐಎಎಸ್. ನನ್ನ ಪಾಳಿ ಬಂದಾಗ ಬಾಯಿಂದ "ನಮ್ಮದು ಟೆಕ್ಸ್‌ಟೈಲ್ಸ್" ಅಂತ ಬಂದುಬಿಟ್ಟಿತು. ಸುಳ್ಳೇನಲ್ಲ ಅಲ್ವಾ? ಆದರೆ ಅವರು ತಿಳಿದುಕೊಂಡಿದ್ದು ಬೇರೆ. ಅವತ್ತಿಂದ ನನ್ನ ಹೆಸರು 'ಸೇಟ್'. ಎಲ್ಲರೂ ಹೊರಗೆ ತಿನ್ನೋಕೆ ಹೊರಟರೆ ನಾನು ಹೊಟ್ಟೆ ಸರಿ ಇಲ್ಲ ಅಂತೀನಿ. ಬಿಲ್ ಸಮ ಹಂಚ್ತಾರೆ, ನಾನು ಒಂದು ಚಹಾ ಕುಡಿದರೂ ಪಾಲು ಪಾಲೇ. ಈಗ 'ಜಿಪುಣ ಸೇಟ್' ಆಗಿದ್ದೇನೆ. ಹೋದ ತಿಂಗಳು ರೂಮ್‌ಮೇಟ್‌ನ ಅಮ್ಮ ಫೋನ್ ಮಾಡಿ, ಮಗಳ ಮದುವೆಗೆ 40 ಸೀರೆ ಬೇಕು, ನಿಮ್ಮ ಅಂಗಡಿಯದು ಫೋಟೋ ಕಳಿಸಪ್ಪ ಅಂದರು. "ಸ್ಟಾಕ್ ಇಲ್ಲ ಆಂಟಿ" ಅಂದೆ.

ಈಗ ವಿಷಯ. ರಜೆಗೆ ಬ್ಯಾಚ್‌ನ ಒಂಬತ್ತು ಜನ ಎರಡು ಕಾರಲ್ಲಿ ಗೋವಾಕ್ಕೆ ಹೊರಟಿದ್ದಾರೆ. ಪುಣೆ, ಕೊಲ್ಲಾಪುರ, ಬೆಳಗಾವಿ, ಆಮೇಲೆ ಚೋರ್ಲಾ ಘಾಟ್. ದಾರಿಯಲ್ಲೇ ನಿಮ್ಮನೆ, ಮಧ್ಯಾಹ್ನ ಊಟಕ್ಕೆ ಬರ್ತೀವಿ, ಶೋರೂಮ್ ನೋಡ್ತೀವಿ ಅಂತಿದ್ದಾರೆ. ಊರಲ್ಲೇ ಇಲ್ಲ ಅಂದುಬಿಡಲಾ? ಹೋಟೆಲ್‌ಗೆ ಕರೆದುಕೊಂಡು ಹೋಗಲಾ? ಅಷ್ಟು ಜನರ ಬಿಲ್ ಅಂದರೆ ನಮ್ಮ ಮನೆಯ ಎರಡು ವಾರದ ಸಂತೆ.

ಕುಂದಾ ಪ್ರಿಯ:
ಕೈಗೊಂದು ಕುಂದಾ ಪೊಟ್ಟಣ ಕೊಟ್ಟು ಹೈವೇದಿಂದಲೇ ಸಾಗಹಾಕು ತಮ್ಮಾ. ಮುಗೀತು.

ತಿಕೋಟಾ ದ್ರಾಕ್ಷಿ:
ಸುಮ್ನೆ ದೊಡ್ಡದು ಮಾಡ್ತಿದ್ದೀಯ ತಮ್ಮಾ. ದುಡ್ಡಿಲ್ಲದ್ದು ಸಮಸ್ಯೆನೇ ಅಲ್ಲ. ನಮ್ಮದು ದ್ರಾಕ್ಷಿ ತೋಟ, ಊರಲ್ಲಿ ಗೌಡ್ರೇ ಅಂತ ಕರೀತಾರೆ. ಆದರೂ ಎಂಬಿಎ ಮಾಡೋಕೆ ದೊಡ್ಡ ಸಂಸ್ಥೆಗೆ ಹೋದ ದಿನ ನಾನೂ ಹಳ್ಳಿ ಗಮಾರನೇ. ಇಂಗ್ಲಿಷ್ ಹುಡುಗರಿಗಿಂತ ಕನ್ನಡದವರೇ ಜಾಸ್ತಿ ಕಾಡಿದರು. ನಾನು ಬಾಯಿ ತೆಗೆದರೆ ಸಾಕು, "ಏನ್ ಮಾಡಾಕತ್ತೀಯೋ ಮಗನ" ಅಂತ ಅಣಕಿಸೋರು. ಸಿನಿಮಾದಲ್ಲಿ ನಮ್ಮ ಮಾತು ಬಂದರೆ ನಗಬೇಕು ಅಂತ ಅವರಿಗೆ ರೂಢಿ ಆಗಿಬಿಟ್ಟಿದೆ. ಆರು ತಿಂಗಳು ಹಲ್ಲು ಕಚ್ಚಿ ಎಲ್ಲ ಕಲಿತೆ. ಮಾತು, ಬೂಟು, ಯಾವ ಚಮಚ ಯಾವಾಗ ಹಿಡೀಬೇಕು, ಎಲ್ಲ. ನೀನೂ ಕಲಿ. ಹೋಟೆಲ್‌ಗೇ ಕರೆದುಕೊಂಡು ಹೋಗು, ಬಿಲ್ ನಾನು ಹಾಕ್ತೀನಿ. ನಿಜವಾಗಲೂ.

ಸಿಂದಗಿ ಪ್ಯಾಸೆಂಜರ್:
ಗೌಡ್ರೇ, ದುಡ್ಡಿಲ್ಲದ್ದು ಸಮಸ್ಯೆ ಅಲ್ಲ ಅನ್ನೋಕೂ ಮೊದಲು ದುಡ್ಡಿರಬೇಕು. ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ನಿಮ್ಮ ಆದಾಯ ಪ್ರಮಾಣಪತ್ರದಲ್ಲಿ ಎಷ್ಟಿತ್ತು?

ತಿಕೋಟಾ ದ್ರಾಕ್ಷಿ:
ಅದು ಇಲ್ಲಿಗೆ ಯಾಕೆ? ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರು ನಾವು. ಶೆಡ್‌ನಲ್ಲಿ ದ್ರಾಕ್ಷಿ ಒಣಗ್ತಿರುವಾಗ ಒಂದು ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗ್ತದೆ. ತೋಟ ಅಂದ ಕೂಡಲೇ ಕೋಟಿ ಅಂದುಕೊಳ್ತೀರಿ.

ಸಿಂದಗಿ ಪ್ಯಾಸೆಂಜರ್:
ಕಷ್ಟ ಇಲ್ಲ ಅಂತ ನಾನು ಎಲ್ಲಿ ಹೇಳಿದೆ? ಲೆಕ್ಕ ಕೇಳಿದೆ ಅಷ್ಟೇ. ಒಬಿಸಿ ಕೆನೆಪದರಕ್ಕೆ, ಅಂದರೆ ಮೀಸಲಾತಿ ಸಿಗದ ಉಳ್ಳವರ ಪದರಕ್ಕೆ, ಆದಾಯದ ಗೆರೆ 8 ಲಕ್ಷ. ಬೇಸಾಯದ ಆದಾಯವನ್ನ ಅದರಲ್ಲಿ ಹಿಡಿಯಲ್ಲ, ಜಮೀನಿಗೆ ಬೇರೆ ಮಿತಿ ಇದೆ. ದ್ರಾಕ್ಷಿ ಎಷ್ಟು ಟನ್ ಹೋದರೂ ಆ 8 ಲಕ್ಷದಲ್ಲಿ ಕಾಣಲ್ಲ. ಇಡಬ್ಲ್ಯೂಎಸ್‌ಗೆ (ಬೇರೆ ಮೀಸಲಾತಿ ಇಲ್ಲದ ಬಡವರ ಕೋಟಾ) ಆದರೆ ಬೇಸಾಯವೂ ಸೇರಿ 8 ಲಕ್ಷದೊಳಗಿರಬೇಕು, ಜಮೀನು 5 ಎಕರೆ ಮುಟ್ಟಿದರೆ ಸಿಗಲ್ಲ. ನಾಡಕಚೇರಿ ಮುಂದೆ ನಿಂತವರಿಗೆಲ್ಲ ಇದು ಬಾಯಿಪಾಠ. ಹಾಸ್ಟೆಲ್‌ನಲ್ಲಿ ಯಾರು ಬಡವ ಅಂತ ಹೇಳೋದು ಜೇಬಲ್ಲ, ಈ ಕಾಗದ.

ಇನ್ನು ನನ್ನ ಮಾತು. ನಾನು ಎಸ್‌ಸಿ, ಮೊರಾರ್ಜಿ ಶಾಲೆಯಲ್ಲಿ ಓದಿ ಇಂಥದ್ದೇ ಕ್ಯಾಂಪಸ್‌ಗೆ ಹೋದವನು. ಅಲ್ಲಿ ಯಾರೂ ಜಾತಿ ಕೇಳಲ್ಲ, ತುಂಬ ಒಳ್ಳೆಯವರು. "ನಿನ್ನ ರ‍್ಯಾಂಕ್ ಎಷ್ಟು?" ಅಂತ ಮಾತ್ರ ಕೇಳ್ತಾರೆ, ನಂಬರ್ ಹೇಳಿದರೆ ಕೋಟಾ ತಾನೇ ತಿಳೀತದಲ್ಲ. ಮೊದಲ ದಿನ ಮೆಸ್ ಸಾಲಲ್ಲಿ ಒಬ್ಬ ಕೇಳಿದ. ತಾಟು ಹಿಡಿದುಕೊಂಡೇ ನಂಬರ್ ಹೇಳಿದೆ. "ಓ" ಅಂದ. ಅಷ್ಟೇ, ಮುಂದೆ ತಿರುಗಿ ಪಲ್ಯ ಹಾಕಿಸಿಕೊಂಡ. ಒಂಬತ್ತು ವರ್ಷ ಆಯ್ತು, ಆ "ಓ" ಇನ್ನೂ ಕಿವಿಯಲ್ಲಿದೆ. ತಮ್ಮಾ, ನೀನು ಮಗ್ಗ ಮುಚ್ಚಿಡಬಹುದು. ನನಗೆ ಆ ಅನುಕೂಲನೂ ಇರಲಿಲ್ಲ. ಹಾಗಂತ ನಿನ್ನ ಸಂಕಟ ಸಣ್ಣದು ಅಂತಲ್ಲ.

ಬ್ಯಾಂಕ್ ಕೌಂಟರ್ 3:
ಮಾಹಿತಿಗೆ. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರ ನವೆಂಬರ್‌ನಲ್ಲಿ ಮಂಜೂರಾದ ಸಾಲದ ಯೋಜನೆ ಇದೆ. ದೊಡ್ಡ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಜಾಮೀನು, ಅಡಮಾನ ಬೇಡ. ಮನೆಯ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ಸಹಾಯನೂ ಉಂಟು.

ಕುಂದಾ ಪ್ರಿಯ:
ಸರ್, ಅವನು ಕೇಳಿದ್ದು ಊಟದ ವಿಷಯ.

ಲಾಳಿ_ವಡಗಾವಿ:
ಪರವಾಗಿಲ್ಲ ಅಣ್ಣಾ, ಕೇಳುವವರು ಇನ್ನೂ ಇರ್ತಾರೆ. ಫೀಸಿನದು ನನಗೆ ಅಷ್ಟು ತ್ರಾಸಿಲ್ಲ. ಐಐಟಿ ಬಿಟೆಕ್ ಟ್ಯೂಷನ್ ಫೀಸು ವರ್ಷಕ್ಕೆ 2 ಲಕ್ಷ. ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಪೂರ್ತಿ ಮಾಫಿ. ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದವರಿಗೂ ಪೂರ್ತಿ. 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ, ನನ್ನದು ಇದು. ಫೀಸಿಗೆ ಮಾಫಿ ಇದೆ, ಪಿಜ್ಜಾಗೆ ಇಲ್ಲ. ಅದೇ ತೊಂದರೆ.

ಮಾಸ್ತರ, ಟಿಳಕವಾಡಿ:
ಮಕ್ಕಳೇ, ನಾನು ನಿವೃತ್ತ ಶಿಕ್ಷಕ. ನಿಮ್ಮ ಮಾತೆಲ್ಲ ಓದಿದೆ. ಇದೇ ಜಿಲ್ಲೆಯ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡರು. ಓದುವ ಮಕ್ಕಳಿಗೆ ಅಂತ ತಮ್ಮ ಆಸ್ತಿ ಬರೆದಿಟ್ಟು ಹೋದ ಮನುಷ್ಯ. 1916ರಲ್ಲಿ ಏಳು ಜನ ಸೇರಿ ಕೆಎಲ್‌ಇ (ಕರ್ನಾಟಕ ಲಿಂಗಾಯತ ಎಜುಕೇಶನ್) ಸಂಸ್ಥೆ ಹುಟ್ಟುಹಾಕಿದರು, 1933ರಲ್ಲಿ ಲಿಂಗರಾಜರ ಹೆಸರಲ್ಲೇ ಕಾಲೇಜು ಬಂತು. ನಾವು ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ತಾಟು ನಾವೇ ತೊಳೆಯಬೇಕು, ಎರಡೇ ಅಂಗಿ. ಯಾರಿಗೂ ನಾಚಿಕೆ ಇರಲಿಲ್ಲ. ಈಗ ಐಐಟಿಗೆ ಹೋದ ಹುಡುಗನಿಗೆ ಅಪ್ಪನ ಮಗ್ಗ ತೋರಿಸೋಕೆ ನಾಚಿಕೆ. ಓದು ಎಲ್ಲಿ ದಾರಿ ತಪ್ಪಿತು ಅಂತ ನೀವೇ ಹೇಳಿ.

ನವನಗರದ ಅಕ್ಕ:
ಸರ್, ಗೌರವ ಇಟ್ಟುಕೊಂಡೇ ಹೇಳ್ತೀನಿ. ನಿಮ್ಮ ಪಂಕ್ತಿಯಲ್ಲಿ ಕೂತವರೆಲ್ಲ ನಿಮ್ಮ ಥರನೇ ಇದ್ದರು. ಎಲ್ಲರದ್ದೂ ಎರಡೇ ಅಂಗಿ ಆದಾಗ ಎಣಿಸುವವರು ಯಾರು? ಈ ಹುಡುಗ ಒಂಬತ್ತು ಜನರ ನಡುವೆ ಒಬ್ಬನೇ ಕೂತಿದ್ದಾನೆ.

ಸಿಂದಗಿ ಪ್ಯಾಸೆಂಜರ್:
ಮತ್ತೆ ಆ ಪಂಕ್ತಿಯಲ್ಲಿ ಎಲ್ಲರಿಗೂ ಜಾಗ ಇತ್ತಾ ಸರ್? ಸುಮ್ನೆ ಕೇಳಿದೆ.

ಮಾಸ್ತರ, ಟಿಳಕವಾಡಿ:
ಇರಲಿಲ್ಲ. ಒಪ್ಪುತ್ತೇನೆ. ಎಲ್ಲ ಕಡೆ ಇರಲಿಲ್ಲ.

ನವನಗರದ ಅಕ್ಕ:
ನನ್ನದೂ ಹೇಳಿಬಿಡ್ತೀನಿ. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯ್ತು, ನವನಗರದಲ್ಲಿ ಸೈಟು ಸಿಕ್ಕಿತು. ನಾನು ಓದಿದ್ದು ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ. ಎಂಜಿನಿಯರಿಂಗ್‌ನ ಜೆಇಇ ಮೇನ್ ಆದರೂ 2021ರಿಂದ ಕನ್ನಡದಲ್ಲಿದೆ, ನಮ್ಮ ಕಾನೂನು ಪ್ರವೇಶ ಪರೀಕ್ಷೆ ಕ್ಲಾಟ್ ಇಂಗ್ಲಿಷ್‌ನಲ್ಲಿ ಮಾತ್ರ. ಹಾಗಾಗಿ ಪರೀಕ್ಷೆ ಪಾಸಾಗಿ ಬಂದವರಲ್ಲಿ ಬಹುಪಾಲು ಒಂದೇ ಥರದ ಶಾಲೆ, ಒಂದೇ ಥರದ ಮನೆ. ನಾನು ಏನನ್ನೂ ಮುಚ್ಚಿಡಲಿಲ್ಲ. ಎಲ್ಲ ಹೇಳಿದ್ದೆ. ಬನ್ನಿ ಅಂತ ನಾನೇ ಕರೆದೆ. ಐದು ಜನ ಗೆಳತಿಯರು ಬಂದರು.

ಅವ್ವ ಇಳಕಲ್ ಸೀರೆ ಉಟ್ಟು ಒಲೆ ಮುಂದೆ ಕೂತು ರೊಟ್ಟಿ ಬಡೀತಿದ್ದಳು. ಇವರಿಗೆ ಖುಷಿಯೋ ಖುಷಿ. ಕೈಯದ್ದು ಒಂದು ಫೋಟೋ, ಒಲೆಯದ್ದು ಒಂದು, ಗೋಡೆಯ ಮಸಿಯದ್ದು ಒಂದು. ರಾತ್ರಿ ನೋಡ್ತೀನಿ, 'ಅಥೆಂಟಿಕ್' ಅಂತ ಬರೆದು ಹಾಕಿದ್ದಾರೆ. ಲೈಕ್ ಮೇಲೆ ಲೈಕ್. ಕೆಟ್ಟ ಹುಡುಗಿಯರೇನಲ್ಲ, ಉಂಡ ತಾಟು ತೊಳೆದಿಟ್ಟರು. ಆದರೆ ಅವ್ವನ ಹೆಸರೇನು ಅಂತ ಒಬ್ಬಳೂ ಕೇಳಲಿಲ್ಲ. ಅವ್ವನಿಗೆ ಮಾತ್ರ ಐವರ ಹೆಸರೂ ನೆನಪಿದೆ. "ಆ ಎತ್ತರದ ಹುಡುಗಿ ಮದುವಿ ಆತೇನ?" ಅಂತ ಈಗಲೂ ಕೇಳ್ತಾಳೆ.

ಅದಕ್ಕೇ ಹೇಳ್ತೀನಿ ತಮ್ಮಾ, ಮನೆಗೇ ಕರಿ, ಆದರೆ ಮೊದಲೇ ಫೋನಲ್ಲಿ ಎಲ್ಲ ಹೇಳಿಬಿಡು. ಶೋರೂಮ್ ಅಂದುಕೊಂಡು ಬಂದವರಿಗೆ ಬಾಗಿಲಲ್ಲಿ ನಿಂತಾಗ ವಿಷಯ ಗೊತ್ತಾದರೆ ಅವರ ಮುಖ ಬದಲಾಗ್ತದೆ. ಪಾಪ, ಬೇಕಂತ ಅಲ್ಲ. ಆ ಮುಖ ಮೊದಲು ನೋಡೋದು ನೀನಲ್ಲ, ಮಗ್ಗದ ಹತ್ತಿರ ನಿಂತಿರುವ ನಿಮ್ಮ ಅಪ್ಪ. ಫೋಟೋ ತೆಗೆಯೋ ಮುಂಚೆ ಕೇಳಬೇಕು ಅಂತಲೂ ಹೇಳು.

ತಿಕೋಟಾ ದ್ರಾಕ್ಷಿ:
ಅಕ್ಕಾ, ನೀವು ಹೇಳಿದ್ದು ಸರಿ. ಆದರೆ ಹೇಳಿದ ಮರುದಿನದಿಂದ ಕನಿಕರ ಶುರುವಾಗ್ತದೆ. "ನಿನ್ನ ಪಾಲು ನಾವು ಹಾಕ್ತೀವಿ, ನೀನು ಸುಮ್ನೆ ಬಾ." ಜಿಪುಣ ಅನ್ನಿಸಿಕೊಂಡು ಇರಬಹುದು, ಪಾಪ ಅನ್ನಿಸಿಕೊಂಡು ಇರೋದು ಕಷ್ಟ.

ಸಿಂದಗಿ ಪ್ಯಾಸೆಂಜರ್:
ಗೌಡ್ರೇ, ಹೋಟೆಲ್ ಬಿಲ್ ನಾನು ಹಾಕ್ತೀನಿ ಅಂತ ಮೇಲೆ ಬರೆದವರು ಯಾರು?

ತಿಕೋಟಾ ದ್ರಾಕ್ಷಿ:
😀 ಸಿಕ್ಕಿಬಿದ್ದೆ. ಆದರೂ ನಾನು ಊರವನು ಮಾರಾಯಾ, ಅದು ಬೇರೆ.

ಸಿಂದಗಿ ಪ್ಯಾಸೆಂಜರ್:
ಬೇರೆನೇ. ಒಪ್ಪಿದೆ. ಪ್ರಮಾಣಪತ್ರದ ಪ್ರಶ್ನೆ ಇನ್ನೂ ಹಾಗೇ ಇದೆ.

ತಿಕೋಟಾ ದ್ರಾಕ್ಷಿ:
ಅಪ್ಪ ಮಾಡಿಸಿದ್ದು. ಎಷ್ಟಿತ್ತು ಅಂತ ಇಲ್ಲಿ ಬರೆಯಲ್ಲ. ಇದರಲ್ಲೇ ಉತ್ತರ ಇದೆ ಅಂತ ನೀವು ಹೇಳ್ತೀರಿ, ಹೇಳಿ.

ಲಾಳಿ_ವಡಗಾವಿ:
ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಆದಮೇಲೆ ಬರೀತಿದ್ದೇನೆ.

ಮೊದಲು ಅವ್ವನಿಗೆ ಹೇಳಿದೆ. "ಒಂಬತ್ತು ಮಂದಿನಾ? ರೊಟ್ಟಿ ತಿಂತಾವೋ, ಚಪಾತಿ ಮಾಡಲೋ?" ಅಂದಳು. ಅಷ್ಟೇ. ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಅವತ್ತ ಮಗ್ಗ ಬಂದ್ ಇಡಲೇನು? ಸಪ್ಪಳ ಭಾಳ ಆಗ್ತದ" ಅಂದ. ಒಂದು ದಿನ ಮಗ್ಗ ನಿಲ್ಲಿಸಿದರೆ ಅವತ್ತಿನ ಮಜೂರಿ ಹೋಯ್ತು. ಜ್ವರ ಬಂದಾಗಲೂ ನಿಲ್ಲಿಸದ ಮನುಷ್ಯ. ನಾನು ಅಲ್ಲಿ ಏನಂತ ಹೇಳಿಕೊಂಡು ತಿರುಗ್ತಿದ್ದೇನೆ ಅಂತ ಅಪ್ಪನಿಗೆ ಮೊದಲೇ ಗೊತ್ತಿತ್ತೋ ಏನೋ. ಓಡಲಿ ಬಿಡು ಅಂದೆ.

ಸಂಜೆ ಛಾವಣಿ ಮೇಲೆ ಹೋಗಿ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಶೋರೂಮ್ ಇಲ್ಲ, ಮಗ್ಗ ಇದೆ, ಅದೂ ಮನೆಯೊಳಗೆ, ಎರಡೇ ಅಂದೆ. ಕೆಳಗಿಂದ ಸಪ್ಪಳ ಕೇಳಿಸ್ತಾನೇ ಇತ್ತು. ಅವನು ಸುಮ್ಮನಾದ. ಸಿಂದಗಿ ಅಣ್ಣ ಹೇಳಿದ "ಓ" ಬರ್ತದೆ ಅಂತ ಕಾಯ್ತಾ ನಿಂತೆ. "ಹಾಗಾದರೆ ಅಮ್ಮನಿಗೆ ಸ್ಟಾಕ್ ಇಲ್ಲ ಅಂದಿದ್ದು ಸುಳ್ಳಾ?" ಅಂತ ಕೇಳಿದ.

ಉಳಿದ ಎಂಟು ಜನಕ್ಕೆ ಇನ್ನೂ ಹೇಳಿಲ್ಲ. ಗೋವಾಕ್ಕೆ ನಾನು ಹೋಗಲ್ಲ. ಆ ದುಡ್ಡಲ್ಲಿ ಒಂದು ಸೆಮಿಸ್ಟರ್ ಚಹಾ ಕುಡೀಬಹುದು.

ಕುಂದಾ ಪ್ರಿಯ:
ಭಪ್ಪರೆ! ಮೊದಲು ಆ ಅಮ್ಮನಿಗೆ ಫೋನ್ ಹಚ್ಚು. 40 ಸೀರೆ ಆರ್ಡರ್ ಬಿಡ್ತಾರಾ ಯಾರಾದರೂ?

ಲಾಳಿ_ವಡಗಾವಿ:
ಸೀರೆ ಸಾವುಕಾರರದು ಅಣ್ಣಾ. ನಾವು ನೇಯೋದಷ್ಟೇ.