ಪದ ಬೇಕು: ಸಿಮೆಂಟ್ ಹಾಕುವ, ಹಾಕದ ಸೊಂಟದ ಬಾಲ್ (ಸಂಜೆಯೊಳಗೆ)

ನಮಸ್ಕಾರ. ಹಾಸನದ ಒಂದು ಆಸ್ಪತ್ರೆಯ ಮೂಳೆ ವಾರ್ಡಿಗೆ ಕರಪತ್ರವೊಂದನ್ನು ಕನ್ನಡ ಮಾಡುತ್ತಿದ್ದೇನೆ. ಬಿದ್ದು ಸೊಂಟ ಮುರಿದುಕೊಂಡ ಅಜ್ಜ ಅಜ್ಜಿಯರ ಮನೆಯವರಿಗೆ. ತೊಡೆ ಮೂಳೆಯ ಮುರಿದ ತುದಿ ತೆಗೆದು ಲೋಹದ ಬಾಲ್ ಕೂರಿಸುವುದರಲ್ಲಿ ಎರಡು ಬಗೆ: ಸಿಮೆಂಟೆಡ್, ಅನ್‌ಸಿಮೆಂಟೆಡ್. 'ಸಿಮೆಂಟ್ ಸಹಿತ', 'ಸಿಮೆಂಟ್ ರಹಿತ' ಅಂತ ಬರೆದಿದ್ದೆ. ಕರಡು ಓದಿದ ಒಬ್ಬರು, ತಾಯಿಯ ಎಕ್ಸ್‌ರೇ ಕವರ್ ಕಂಕುಳಲ್ಲಿಟ್ಟುಕೊಂಡೇ, 'ಮನೆಗೆ ಹಾಕೋ ಸಿಮೆಂಟೇನಾ ಸಾರ್?' ಅಂದರು. ಪ್ರೆಸ್ಸಿನವರು ಐದಕ್ಕೆ ಬರುತ್ತಾರೆ.

ಅರಸೀಕೆರೆಯಿಂದ:
'ಗಾರೆ' ಇರುವಾಗ ಸಿಮೆಂಟು ಯಾಕೆ? ಗಾರೆಯ ಬಾಲ್, ಗಾರೆಯಿಲ್ಲದ ಬಾಲ್. ತಮಿಳಿನಲ್ಲಿ ಕಾರೈ, ತೆಲುಗಿನಲ್ಲಿ ಗಾರ. ಅಪ್ಪಟ ನಮ್ಮದು. ಹಳೇಬೀಡಿನಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿಲ್ವಾ? 'ರಹಿತ'ವನ್ನು ಸಂಸ್ಕೃತಕ್ಕೇ ವಾಪಸ್ ಕೊಡಿ. ಹಾಗೇ ಸೊಂಟ ಅಂದ್ರೆ ನಡು. ಚಪ್ಪೆ ಅನ್ನಿ.

ಚಿಕ್ಕಮಗಳೂರಿನಿಂದ:
ಹಳೇಬೀಡಿನ ಕಲ್ಲು ಬೆಳೆಯೋದಿಲ್ಲ ಸಾರ್, ಮೂಳೆ ಬೆಳೆಯುತ್ತೆ. ಬಾಲಿನ ಕೆಳಗೆ ತೊಡೆ ಮೂಳೆಯೊಳಗೆ ಇಳಿಯುವ ಕಡ್ಡಿ ಇರುತ್ತೆ. ಸಿಮೆಂಟ್ ಹಾಕದಿದ್ದರೆ ಅದನ್ನು ಬಿಗಿಯಾಗಿ ಹೊಡೆದು ಕೂರಿಸುತ್ತಾರೆ, ಆಮೇಲೆ ಮೂಳೆಯೇ ಬೆಳೆದು ಅದನ್ನು ಹಿಡಿದುಕೊಳ್ಳಬೇಕು.

ಥಿಯೇಟರ್ ನರ್ಸ್ ಆಗಿದ್ದವಳು ನಾನು. ಆ ಸಿಮೆಂಟ್ ಕಲಸಿದ್ದೇನೆ. ಪುಡಿ ಒಂದು, ದ್ರವ ಒಂದು, ಮೂಗಿಗೆ ಹೊಡೆಯುವ ವಾಸನೆ. ಮೊದಲು ದೋಸೆ ಹಿಟ್ಟು, ಆಮೇಲೆ ಚಪಾತಿ ಹಿಟ್ಟು, ಹತ್ತು ಹನ್ನೆರಡು ನಿಮಿಷಕ್ಕೆ ಬಿಸಿಯಾಗಿ ಕಲ್ಲು. ಹಲ್ಲಿನ ಸೆಟ್ಟಿನ ಅಕ್ರಿಲಿಕ್ ಇದೆಯಲ್ಲ, ಅದೇ ಜಾತಿ. ಸುಣ್ಣವೂ ಇಲ್ಲ, ಮರಳೂ ಇಲ್ಲ, ಹಾಗಾಗಿ ಗಾರೆ ಬೇಡ. ಅದು ಅಂಟೂ ಅಲ್ಲ, ಸಂದು ತುಂಬಿ ಹಿಡಿಯುತ್ತೆ ಅಷ್ಟೇ. 'ಅಂಟಿಸುವುದು' ಅಂತ ಬರೆದೀರಿ ಮತ್ತೆ.

ಮೂಡಿಗೆರೆಯಿಂದ:
ಗುದ್ದಲಿ ಕಾವು ಅಲ್ಲಾಡಿದರೆ ಬೆಣೆ ಹೊಡೆಯುತ್ತೇವೆ. ಸಿಮೆಂಟ್ ಹಾಕದ್ದಕ್ಕೆ ಅದನ್ನೇ ತಗೊಳ್ಳಿ: ಬೆಣೆ ಬಾಲ್. ಒಣಗಿ ಟೊಳ್ಳಾದ ಕಾವಿಗೆ ಬೆಣೆ ಹೊಡೆದರೆ ಸೀಳುತ್ತೆ ಅನ್ನೋದೂ ರೈತರಿಗೆ ಗೊತ್ತು. ಇನ್ನು ಗಾರೆ ಅಪ್ಪಟ ಅಂದವರಿಗೆ: ಮರಾಠಿಯಲ್ಲಿ ಗಾರಾ ಇದೆ, ಹಿಂದಿಯಲ್ಲೂ ಇದೆ. ಯಾರು ಯಾರಿಂದ ತಗೊಂಡರು?

ಅರಸೀಕೆರೆಯಿಂದ:
ಅವರೇ ನಮ್ಮಿಂದ. ಚರ್ಚೆ ಬೇಡ.

ಚಿಕ್ಕಮಗಳೂರಿನಿಂದ:
ಮೂಡಿಗೆರೆಯವರ ಸೀಳುವ ಮಾತು ಸರಿ. 2022ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ 60 ದಾಟಿದ 1225 ಜನರಿದ್ದರು. ಕಡ್ಡಿಯ ಸುತ್ತ ಮೂಳೆ ಮತ್ತೆ ಮುರಿದದ್ದು ಸಿಮೆಂಟ್ ಹಾಕಿದವರಲ್ಲಿ ನೂರಕ್ಕೆ 0.5, ಹಾಕದವರಲ್ಲಿ 2.1. ಸಿಮೆಂಟಿಗೂ ಅದರದೇ ಭಯ ಇದೆ. ಒತ್ತಿ ತುಂಬುವಾಗ ಅಪರೂಪಕ್ಕೆ ಬಿಪಿ ಕುಸಿಯುತ್ತೆ, ಅರಿವಳಿಕೆಯವರಿಗೆ ಮೊದಲೇ ಕೂಗಿ ಹೇಳುತ್ತೇವೆ. ಆದರೆ 'ಬೆಣೆ' ಅಂತ ಅಚ್ಚು ಹಾಕಿದರೆ ಅಜ್ಜಿ ಮಂಚ ಬಿಟ್ಟು ಓಡುತ್ತಾರೆ. 'ಚಪ್ಪೆ' ಮುರೀತು ಅಂತ ವಾರ್ಡಿನಲ್ಲಿ ಒಬ್ಬರೂ ಅಂದಿಲ್ಲ.

ಹಾಸನದಿಂದ:
ಪುಟ ಹೋಯಿತು. 'ಮೂಳೆ ಸಿಮೆಂಟ್ ತುಂಬಿ ಕೂರಿಸುವುದು', 'ಸಿಮೆಂಟ್ ಹಾಕದೆ ಬಿಗಿಯಾಗಿ ಕೂರಿಸುವುದು'. ಕೆಳಗೆ ದಪ್ಪ ಅಕ್ಷರದಲ್ಲಿ: ಇದು ಮನೆಗೆ ಹಾಕುವ ಸಿಮೆಂಟ್ ಅಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಅರಸೀಕೆರೆಯಿಂದ:
ಪ್ರೆಸ್ಸು ಅಲ್ಲ, ಅಚ್ಚುಕೂಟ. ಥ್ಯಾಂಕ್ಸ್ ಬಗ್ಗೆ ನಾಳೆ ಬರೆಯುತ್ತೇನೆ.