ಹೊಕುಸಾಯಿಯ ಕವಿತಾಚಿತ್ರಗಳು: ಬಣ್ಣ ಕೂರುವುದು ಹೇಗೆ?

ಪ್ರಶ್ನೆ: ಜಪಾನಿನ ಚಿತ್ರಕಾರ ಹೊಕುಸಾಯಿಯ ‘ದಾದಿ ವಿವರಿಸಿದ ನೂರು ಕವಿಗಳು’ ಎಂಬ ಮರದಚ್ಚಿನ ಚಿತ್ರಸರಣಿಯಲ್ಲಿ ಆಕಾಶದ ನೀಲಿ ಮೇಲಿಂದ ಕೆಳಕ್ಕೆ ತಿಳಿಯಾಗುತ್ತದೆ. ಮರದಚ್ಚಿನಲ್ಲಿ ಇದು ಹೇಗೆ ಸಾಧ್ಯ? ಅಷ್ಟೊಂದು ಬಣ್ಣ ಗೆರೆ ದಾಟದೆ ಕೂರುವುದು ಹೇಗೆ?

ಉತ್ತರ 1: ಬಣ್ಣ ಗೆರೆ ದಾಟದಿರುವ ಗುಟ್ಟು ‘ಕೆಂತೊ’, ಅಂದರೆ ಕಾಗದ ಕೂರಿಸಲು ಹಲಗೆಯಲ್ಲಿ ಕೆತ್ತಿದ ಗುರುತು. ಹಲಗೆಯ ಒಂದು ಮೂಲೆಯಲ್ಲಿ ಲಂಬಕೋನದ ಕಚ್ಚು, ಅದೇ ಅಂಚಿನಲ್ಲಿ ಮುಂದೆ ಇನ್ನೊಂದು ನೇರ ಕಚ್ಚು. ಕಾಗದವನ್ನು ಇವೆರಡಕ್ಕೂ ತಾಗಿಸಿ ಇಳಿಸಬೇಕು. ಮೊದಲು ಗೆರೆಯ ಹಲಗೆ ಕೆತ್ತಿ, ಅದರ ಪ್ರತಿಗಳನ್ನು ಕಚ್ಚಿನ ಗುರುತಿನ ಸಮೇತ ಬಣ್ಣಗಳಿಗಾಗಿ ಇರುವ ಉಳಿದ ಚೆರ್ರಿ ಹಲಗೆಗಳಿಗೆ ಅಂಟಿಸಿ ಕೆತ್ತುತ್ತಾರೆ. ಹಾಗಾಗಿ ಎಲ್ಲ ಹಲಗೆಗೂ ಒಂದೇ ಅಳತೆ. ಆದರೂ ಬಣ್ಣ ಸರಿದರೆ ಮೊದಲು ಕಾಗದದ ತೇವ ನೋಡಿ: ನಡುವೆ ಒಣಗಿದ ಹಾಳೆ ಕುಗ್ಗುತ್ತದೆ. ಹಾಳೆಗಳನ್ನು ಸಮನಾಗಿ ತೇವಮಾಡಿ, ಒಟ್ಟಿ ಮುಚ್ಚಿಡಬೇಕು.

ಉತ್ತರ 2: ತಿಳಿಯಾಗುವ ಬಣ್ಣಕ್ಕೆ ‘ಬೊಕಾಶಿ’ ಎನ್ನುತ್ತಾರೆ, ಅದು ಸಾಮಾನ್ಯವಾಗಿ ಮುದ್ರಕನ ಕೈಕೆಲಸ. ಮಾಸಬೇಕಾದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬ್ರಷ್‌ನ ಒಂದು ಬದಿಗೆ ಮಾತ್ರ ಬಣ್ಣ ಹಚ್ಚಿ, ಹಲಗೆಯ ಮೇಲೆ ಅಡ್ಡಡ್ಡ ಎಳೆದು, ಒಣಗುವ ಮೊದಲೇ ಕಾಗದ ಇಳಿಸಿ, ಅದರ ಬೆನ್ನನ್ನು ಬಾರೆನ್ ಎಂಬ ದುಂಡನೆಯ ಒತ್ತುಬಿಲ್ಲೆಯಿಂದ ಉಜ್ಜಬೇಕು. ನೀರು ಹೆಚ್ಚಾದರೆ ಕಲೆ, ಕಡಿಮೆಯಾದರೆ ಗಡಸು ಅಂಚು. ಕಾಗದಕ್ಕೆ ಬಳಿದ ಅಂಟು-ಪಟಿಕದ ಲೇಪ ತೆಳುವಾದರೆ ಬಣ್ಣ ಎಳೆಗಳೊಳಗೆ ಹರಡುತ್ತದೆ. ಪ್ರತಿ ಹಾಳೆಗೂ ಹೊಸದಾಗಿ ಹಚ್ಚುವುದರಿಂದ ಎರಡು ಪ್ರತಿಗಳು ಒಂದೇ ತರಹ ಇರುವುದಿಲ್ಲ. ನನಗಂತೂ ಇದೇ ಈ ಕಲೆಯ ದೊಡ್ಡ ಸೊಗಸು.

ಉತ್ತರ 3: ಪ್ರತಿ ಚಿತ್ರದ ಕವಿತೆಯನ್ನೂ ಓದಿ ನೋಡಿ, ಚಿತ್ರದ ಮೇಲ್ಭಾಗದ ಚೌಕದಲ್ಲಿರುತ್ತದೆ. ಮೊದಲನೆಯದು ತೆಂಜಿ ಚಕ್ರವರ್ತಿಯ ಹೆಸರಿನದು. ಹೊಕುಸಾಯಿ ಅಲ್ಲಿ ಅರಮನೆ ಬಿಟ್ಟು ಗದ್ದೆಯ ರೈತರನ್ನು ಬರೆದ. 1835ರ ಸುಮಾರಿಗೆ ಶುರುವಾದ ಸರಣಿಯಲ್ಲಿ ಅಚ್ಚಾದದ್ದು 27 ಮಾತ್ರ. ಮೂಲರೇಖಾಚಿತ್ರವನ್ನು ಹಲಗೆಗೆ ಅಂಟಿಸಿ ಕೆತ್ತುವಾಗ ಅದು ಅಲ್ಲೇ ನಾಶವಾಗುತ್ತದೆ. ಆದ್ದರಿಂದಲೇ ಅಚ್ಚಾಗದವುಗಳ ರೇಖಾಚಿತ್ರಗಳು ಹಲವು ಉಳಿದಿವೆ.