ಡುಲೂತ್‌ನಲ್ಲಿ ಅದಿರಿಗೆ ರೈಲು, ಹಡಗು ಎರಡೂ ಯಾಕೆ?

ಪಣಂಬೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮುಂದಿನ ವಾರ ಸುಪೀರಿಯರ್ ಸರೋವರ ತೋರಿಸಲು ಡುಲೂತ್‌ಗೆ ಹೊರಟಿದ್ದೇವೆ. ಅಪ್ಪ ಕುದುರೆಮುಖದ ಗಣಿಯಲ್ಲಿ ಕೆಲಸ ಮಾಡಿದವರು. ಅಲ್ಲೂ ಕಬ್ಬಿಣದ ಅದಿರೇ ಅಂತ ಗೊತ್ತಾದಾಗಿನಿಂದ ಒಂದೇ ಪ್ರಶ್ನೆ: "ನಾವು ಅದಿರಿನ ಪುಡಿಯನ್ನು ನೀರಲ್ಲಿ ಬೆರೆಸಿ ಪೈಪಿನಲ್ಲೇ ಮಂಗಳೂರಿಗೆ ಕಳಿಸುತ್ತಿದ್ದೆವು, ಇವರಿಗೆ ಯಾಕೆ ಇಷ್ಟೊಂದು ರೈಲು?" ಯಾರಿಗಾದರೂ ಗೊತ್ತಾ? ಹತ್ತಿರದಿಂದ ನೋಡಲು ಎಲ್ಲಿ ನಿಲ್ಲಬೇಕು?

ಘಾಟಿ ರೈಲು:
ಅಪ್ಪ ಕೇಳಿದ್ದು ಒಳ್ಳೆ ಪ್ರಶ್ನೆ. ಎರಡೂ ಕಡೆ ಆಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಅದಿರೇ, ಆದರೆ ಉಂಡೆ ಕಟ್ಟುವ ಜಾಗ ಬೇರೆ. ಕುದುರೆಮುಖದ ಪುಡಿ ಪಣಂಬೂರಿಗೆ ಬಂದ ಮೇಲೆ ಪೆಲೆಟ್, ಅಂದರೆ ಉಂಡೆ, ಆಗುತ್ತಿತ್ತು. ಇಲ್ಲಿ ಗಣಿ ಹತ್ತಿರವೇ ಟ್ಯಾಕೊನೈಟ್ ಕಲ್ಲನ್ನು ಅರೆದು, ಆಯಸ್ಕಾಂತದಿಂದ ಕಬ್ಬಿಣದ ಅಂಶ ಎಳೆದು, ಉಂಡೆ ಕಟ್ಟಿ ಸುಟ್ಟುಬಿಡುತ್ತಾರೆ. ಸುಟ್ಟ ಉಂಡೆ ಪೈಪಿನಲ್ಲಿ ಹೋಗಲ್ಲ, ಅದಕ್ಕೆ ರೈಲೇ ಬೇಕು. ಗಣಿ ಎತ್ತರದಲ್ಲಿದೆ, ಸರೋವರ ತಗ್ಗಿನಲ್ಲಿದೆ. ಹಾಗಾಗಿ ತುಂಬಿದ ರೈಲು ಇಳಿಯುತ್ತದೆ, ಖಾಲಿಯದು ಹತ್ತುತ್ತದೆ. ಡುಲೂತ್ ಪಕ್ಕದ ಪ್ರಾಕ್ಟರ್ ಇಳಿಜಾರು ಹೆಚ್ಚುಕಮ್ಮಿ ನಮ್ಮ ಸಕಲೇಶಪುರ ಘಾಟಿಯಷ್ಟೇ ಕಡಿದು. ಅಲ್ಲಿಂದಾಚೆಗೆ ಹಡಗು, ಯಾಕೆಂದರೆ ಉಕ್ಕಿನ ಕಾರ್ಖಾನೆಗಳು ಇಂಡಿಯಾನಾ, ಒಹಾಯೊ ಕಡೆ ಬೇರೆ ಸರೋವರಗಳ ದಂಡೆಯಲ್ಲಿವೆ. ಸಾವಿರ ಅಡಿ ಉದ್ದದ ಒಂದು ಹಡಗು 60 ಸಾವಿರ ಟನ್ ಹೊರುತ್ತದೆ.

ಕೆಮ್ಮಣ್ಣು:
ಡುಲೂತ್‌ಗಷ್ಟೇ ಹೋಗಿ ವಾಪಸ್ ಬರಬೇಡಿ, ಅದೇ ಸರೋವರದ ದಂಡೆಯಲ್ಲಿರುವ ಟೂ ಹಾರ್ಬರ್ಸ್‌ಗೂ ಹೋಗಿ. 1884ರಲ್ಲಿ ಅಲ್ಲಿಂದ ಅದಿರು ಸಾಗಿಸಲು ಶುರು ಮಾಡಿದ್ದು. ಅಲೆತಡೆ ಗೋಡೆಯ ಮೇಲೆ ನಡೆದು ಹೋದರೆ ಅದಿರಿನ ಕಟ್ಟೆ ಎದುರಿಗೇ ಕಾಣುತ್ತದೆ. ಹಳೇ ಪದ್ಧತಿಯಲ್ಲಿ ರೈಲು ಕಟ್ಟೆಯ ತಲೆ ಮೇಲೇ ಹೋಗಿ ನಿಲ್ಲುತ್ತಿತ್ತು, ಬೋಗಿಯ ತಳ ತೆರೆದರೆ ಉಂಡೆಗಳೆಲ್ಲ ಕೆಳಗಿನ ಗೂಡಿಗೆ ಬೀಳುತ್ತಿದ್ದವು, ಹಡಗು ಪಕ್ಕಕ್ಕೆ ಬಂದಾಗ ಗೂಡಿನ ಬಾಯಿಂದ ಉದ್ದನೆಯ ತಗಡಿನ ಜಾರು ಇಳಿಸಿ ಸುರಿಯುತ್ತಿದ್ದರು. ಈಗ ಬೆಲ್ಟ್ ಕೂಡ ಇದೆ. ರಸ್ತೆ ಹಳಿ ದಾಟುವ ಕಡೆ ನನಗೊಂದು ಉಂಡೆ ಸಿಕ್ಕಿತ್ತು. ಗೋಲಿಗಿಂತ ಸಣ್ಣದು, ಆದರೂ ಭಾರ. ಅಂಗೈಗೆಲ್ಲ ಕೆಮ್ಮಣ್ಣಿನ ಬಣ್ಣ. ಅಪ್ಪನ ಕೈಗೆ ಒಂದು ಕೊಡಿ, ತಕ್ಷಣ ಗುರುತು ಹಿಡಿಯುತ್ತಾರೆ.

ಮಿಚಿಗನ್ ಮಾವ:
ನಾನು ಸೂ ಲಾಕ್ಸ್ ಬಗ್ಗೆ ಹೇಳುತ್ತೇನೆ, ಅಂದರೆ ಸುಪೀರಿಯರ್‌ನಿಂದ ಹ್ಯೂರನ್ ಸರೋವರದ ಕಡೆಗೆ ಹಡಗು ಇಳಿಸುವ ನೀರಿನ ತೊಟ್ಟಿಗಳು. ಸುಪೀರಿಯರ್‌ನ ನೀರು ಕೆಳಗಿನ ಹ್ಯೂರನ್‌ಗಿಂತ ಸುಮಾರು 21 ಅಡಿ ಮೇಲಿದೆ. ಹಡಗನ್ನು ಒಂದು ದೊಡ್ಡ ತೊಟ್ಟಿಯೊಳಗೆ ಬಿಟ್ಟು, ಬಾಗಿಲು ಮುಚ್ಚಿ ನೀರು ಇಳಿಸುತ್ತಾರೆ. ಪಂಪ್ ಇಲ್ಲವೇ ಇಲ್ಲ, ನೀರು ತಾನಾಗಿ ಹರಿದು ಹೋಗುತ್ತದೆ! ಸಾವಿರ ಅಡಿಯ ಹಡಗು ಹಿಡಿಸುವುದು ಪೋ ಲಾಕ್ ಒಂದರಲ್ಲೇ. ಒಂದು ಮಾತು, ಈ ಸರೋವರವನ್ನು ಸುಮ್ನೆ ಕೆರೆ ಅಂದುಕೊಳ್ಳಬೇಡಿ. 1975ರ ನವೆಂಬರ್ 10ರಂದು ಇದೇ ಪೆಲೆಟ್ ತುಂಬಿಕೊಂಡು ಹೊರಟಿದ್ದ ಹಡಗು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಬಿರುಗಾಳಿಗೆ ಸಿಕ್ಕಿ ಮುಳುಗಿತು. 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಹೆಸರು ಕೇಳಿದರೆ ಇವತ್ತಿಗೂ ಇಲ್ಲಿಯ ಹಿರಿಯರು ಮಾತು ನಿಲ್ಲಿಸುತ್ತಾರೆ.

ಪಣಂಬೂರು ಹುಡುಗಿ:
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ, ತುಂಬಾ ಖುಷಿಯಾದರು. ಈಗ ಇನ್ನೊಂದು ಪ್ರಶ್ನೆ: ನೀರು ಹೆಪ್ಪುಗಟ್ಟಿದಾಗ ಏನು ಮಾಡುತ್ತಾರೆ?

ಮಿಚಿಗನ್ ಮಾವ:
ಜನವರಿ 15ಕ್ಕೆ ಲಾಕ್ಸ್ ಮುಚ್ಚುತ್ತವೆ, ಮಾರ್ಚ್ 25ಕ್ಕೆ ತೆರೆಯುತ್ತವೆ. ಕಾರ್ಖಾನೆಗಳು ಮೊದಲೇ ರಾಶಿ ಹಾಕಿಕೊಂಡಿರುತ್ತವೆ. ಗಣಿ ಕಡೆ ಕೆಲಸ ನಿಲ್ಲಲ್ಲ, ಉಂಡೆಗಳನ್ನು ಗುಡ್ಡದ ಹಾಗೆ ಪೇರಿಸಿಟ್ಟು ಮೊದಲ ಹಡಗಿಗೆ ಕಾಯುತ್ತಾರೆ.